ಪಡಿಮಂಚದ ಗಾಲ್ಫು

ಥರ್ಮಾಮೀಟರಿನ ಪಾದರಸವನ್ನು ಕೆಳಗಿಳಿಸುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಜ್ವರದ ಮನೆಯಲ್ಲಿ ನಾಲ್ಕು ದಿನ ಕುಳಿತೆದ್ದವರು ಇದನ್ನು ಗಮನಿಸಿರುತ್ತೀರಿ: ಕೆಲವರು ಆ ಗಾಜಿನ ಕಡ್ಡಿಯನ್ನು ಬೆರಳ ತುದಿಯಲ್ಲಿ ಹಿಡಿದು ಮಣಿಕಟ್ಟನ್ನು ಸುಮ್ಮನೆ ಎರಡು ಸಲ ಒದರುತ್ತಾರೆ, ಪಾದರಸ ವಿಧೇಯ ವಿದ್ಯಾರ್ಥಿನಿಯಂತೆ ತಳಕ್ಕೆ ಹೋಗಿ ಕುಳಿತುಕೊಳ್ಳುತ್ತದೆ, ಇನ್ನು ಕೆಲವರು ಭುಜ, ಬೆನ್ನು, ಸೊಂಟ, ಸಕಲ ಅಂಗಾಂಗಗಳನ್ನೂ ಒಟ್ಟುಗೂಡಿಸಿ, ಪಿಶಾಚಿ ಬಿಡಿಸುವ ಪಾದ್ರಿಯ ಆವೇಶದಿಂದ ಝಾಡಿಸುತ್ತಾರೆ, ಪಾದರಸ ಮಾತ್ರ ನೂರಾ ಒಂದರಲ್ಲಿ ಕುಳಿತಲ್ಲೇ ಕುಳಿತಿರುತ್ತದೆ. ನನ್ನ ಗಂಡ ಫೆಲಿಕ್ಸ್ ಈ ಎರಡನೆಯ ಪಂಗಡದವರು. ಒಮ್ಮೆ ಮಗಳ ಜ್ವರ ನೋಡುವ ಉತ್ಸಾಹದಲ್ಲಿ ಅವರು ಝಾಡಿಸಿದ ಥರ್ಮಾಮೀಟರು ಮಂಚದ ಕಾಲಿಗೆ ಬಡಿದು ಚೂರಾಗಿ, ಬೆಳ್ಳಿಯ ಮಣಿಗಳು ರೆಡ್ ಆಕ್ಸೈಡ್ ನೆಲದ ಮೇಲೆಲ್ಲ ಓಡಾಡಿದವು. ಜ್ವರದ ಮಗಳು ಎದ್ದು ಕುಳಿತು ಚಪ್ಪಾಳೆ ತಟ್ಟಿದಳು. ಅವರ ಗಾಲ್ಫ್ ಜೀವನದ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳೆಂದರೆ ನಾನು ಇದನ್ನೇ ಹೇಳಿಯೇನು. ಆದರೆ ಒಂದೇ ಮಾತಿನಲ್ಲಿ ಮುಗಿಸುವ ಅಭ್ಯಾಸ ನನಗಿಲ್ಲ. ಕಾನ್ವೆಂಟಿನಲ್ಲಿ ದೊಡ್ಡದನ್ನು ಚಿಕ್ಕದು ಮಾಡಿ ಬರೆಯಿರಿ ಎಂದಾಗಲೆಲ್ಲ ನಾನು ಚಿಕ್ಕದನ್ನು ದೊಡ್ಡದು ಮಾಡಿ ಬರೆದು ಸಿಸ್ಟರ್ ಆಗ್ನೆಸರಿಂದ ಸ್ಕೇಲಿನ ಪೆಟ್ಟು ತಿಂದವಳು.

ಉಡುಪಿಯ ಕಡೆ ಗಾಲ್ಫೆಂತದು ಎಂದು ನೀವು ಹುಬ್ಬೇರಿಸುವುದು ಸಹಜ. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವೂ ಹುಬ್ಬೇರಿಸಿದ್ದೆವು. ಸೈನ್ಯದಿಂದ ನಿವೃತ್ತರಾಗಿ ಕಾರ್ಕಳದ ಮನೆಗೆ ಮರಳಿದ ಮೇಜರ್ ಹೆಗ್ಡೆಯವರು ಪೆನ್ಷನ್ನಿನ ಜೊತೆಗೆ ಎರಡು ಚೀಲ ಗಾಲ್ಫ್ ಕೋಲುಗಳನ್ನೂ, ಆ ಕೋಲುಗಳಿಲ್ಲದೆ ಬದುಕುವುದು ಸಂಸ್ಕೃತಿಯ ಲಕ್ಷಣವಲ್ಲವೆಂಬ ದೃಢ ನಂಬಿಕೆಯನ್ನೂ ತಂದಿದ್ದರು. ಮಣಿಪಾಲಕ್ಕೂ ಹಿರಿಯಡ್ಕಕ್ಕೂ ನಡುವೆ ಅವರ ಅಕ್ಕನ ಪಾಲಿಗೆ ಬಂದ ಒಂದು ಪದವು ಇತ್ತು. ಪದವು ಎಂದರೆ ಮುರಕಲ್ಲಿನ ಬೋಳು ಎತ್ತರ. ಮಳೆ ನಿಂತ ಮೇಲೆ ಎರಡು ತಿಂಗಳು ಹಸಿರಾಗಿ ಮೆರೆದು, ಉಳಿದ ಕಾಲವೆಲ್ಲ ಬಾಣಲೆಯ ಹಾಗೆ ಕಾದು ಬಿದ್ದಿರುವ ಜಾಗ. ಅಲ್ಲಿ ಮೇಜರರು ಆರು ಕುಳಿ ತೋಡಿಸಿ, ಒಂದೊಂದರಲ್ಲೂ ಹಾಲಿನ ಪುಡಿಯ ಖಾಲಿ ಡಬ್ಬಿ ಹೂಳಿಸಿ, ಗಾಲ್ಫ್ ಮೈದಾನವೆಂದು ಘೋಷಿಸಿದರು. ಕುಳಿಯ ಸುತ್ತ ಇರಬೇಕಾದ ನಯವಾದ ಹುಲ್ಲಿನ ಹಾಸಿಗೆ, ಅಂದರೆ ‘ಗ್ರೀನ್’, ಏನು ಮಾಡಿದರೂ ಬೆಳೆಯಲಿಲ್ಲ. ಕೊನೆಗೆ ಅವರ ಅಕ್ಕನೇ ಬಂದು, ನಮ್ಮ ಕಡೆಯ ಹೆಂಗಸರಿಗೆಲ್ಲ ತಿಳಿದಿರುವ ಉಪಾಯ ಹೇಳಿದರು: ನೆಲ ಕೆತ್ತಿ, ಬಡಿದು ಗಟ್ಟಿಮಾಡಿ, ಮನೆಯಂಗಳದ ಹಾಗೆ ಸೆಗಣಿ ಸಾರಿಸಿಬಿಡಿ. ಸಾರಿಸಿದರು. ಪ್ರಪಂಚದ ಗಾಲ್ಫ್ ಮೈದಾನಗಳಲ್ಲೆಲ್ಲ ಬಾಲು ಹುಲ್ಲಿನ ಮೇಲೆ ಉರುಳುವಾಗ, ನಮ್ಮಲ್ಲಿ ಅದು ಹಬ್ಬದ ಅಂಗಳದಂಥ ಸೆಗಣಿಯ ಮೇಲೆ ಉರುಳಿ, ಹಸಿರು ಬಣ್ಣ ಪಡೆದು ಡಬ್ಬಿಗೆ ಬೀಳುತ್ತಿತ್ತು. ಗ್ರೀನ್ ಎಂಬ ಹೆಸರು ಸಾರ್ಥಕವಾದದ್ದು ಹೀಗೆ.

ಆರು ಕುಳಿಗಳಲ್ಲಿ ನಾಲ್ಕನೆಯದು ಭಯಂಕರ. ಅದಕ್ಕೂ ಹೊಡೆಯುವ ಜಾಗಕ್ಕೂ ನಡುವೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯಿತ್ತು. ಮಳೆಗಾಲದ ನೀರು ತುಂಬಿ, ಹಸಿರು ಹಾವಸೆ ಕಟ್ಟಿ, ಅದು ಬೇಸಿಗೆಯವರೆಗೂ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಆಟಗಾರರು ಮೂವರೇ: ಮೇಜರರು, ಬ್ಯಾಂಕಿನ ಕಾಮತರು, ಮತ್ತು ಮಣಿಪಾಲದ ಇಳಿಜಾರಿನಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿದ್ದ ನನ್ನ ಗಂಡ. ಕೋರೆಯ ಮೇಲಿಂದ ಬಾಲು ದಾಟಿಸಬಲ್ಲವರು ಮೇಜರರು ಮಾತ್ರ, ಅದೂ ಮನಸ್ಸು ಪ್ರಸನ್ನವಾಗಿದ್ದಾಗ. ಫೆಲಿಕ್ಸರ ಬಾಲುಗಳೆಲ್ಲ ಆ ನೀರಿಗೇ ಮುಡಿಪು. ‘ಡುಬುಕ್’ ಎಂಬ ಸದ್ದಾದ ಮೇಲೆ ಅವರು ಒಂದು ಕ್ಷಣ ಮೌನ ಆಚರಿಸಿ, ಕೋರೆಯ ಬದಿಯಿಂದ ನಡೆದು ಆಚೆ ಹೋಗಿ, ಹೊಸ ಬಾಲು ಇಟ್ಟು ಆಟ ಮುಂದುವರಿಸುತ್ತಿದ್ದರು.

ನನ್ನ ಕೆಲಸ ಚಹಾದ್ದು. ಆದಿತ್ಯವಾರ ಬೆಳಿಗ್ಗೆ ಇಗರ್ಜಿ, ಮಧ್ಯಾಹ್ನ ಸಾರು, ಸಂಜೆ ಫ್ಲಾಸ್ಕು. ಮೂರು ವರ್ಷ ನಾನು ಆ ಫ್ಲಾಸ್ಕನ್ನೂ ಸೌತೆಕಾಯಿಯ ಸ್ಯಾಂಡ್‌ವಿಚ್ಚುಗಳನ್ನೂ ಹೊತ್ತುಕೊಂಡು ಸೀರೆಯ ನೆರಿಗೆಗೆ ಮುಳ್ಳು ಹತ್ತಿಸಿಕೊಳ್ಳುತ್ತ ಅವರ ಹಿಂದೆ ಸುತ್ತಿದೆ. ದೂರದಲ್ಲಿ ಸಮುದ್ರದ ಗೆರೆ ನೋಡುತ್ತ, ಮೂವರು ವಿದ್ಯಾವಂತ ಗಂಡಸರು ಕೋಳಿಮೊಟ್ಟೆಗಿಂತ ಚಿಕ್ಕದಾದ ವಸ್ತುವಿನ ಮುಂದೆ ಇಷ್ಟೊಂದು ಬಗ್ಗಿ ನಿಲ್ಲುವುದನ್ನು ಕಂಡು ಒಳಗೊಳಗೇ ನಗುತ್ತ. ಒಂದು ಸಂಜೆ ಅವರು ಪೊದೆಯಲ್ಲಿ ಬಾಲು ಹುಡುಕುತ್ತಿದ್ದಾಗ, ಹೊತ್ತು ಹೋಗದೆ, ಫೆಲಿಕ್ಸರ ಚೀಲದಿಂದ ಒಂದು ಕೋಲು ಎಳೆದು, ನೆಲದಲ್ಲಿ ಬಿದ್ದಿದ್ದ ಎಂಥದೋ ಒಣಕಾಯಿಗೆ ಬೀಸಿದೆ. ಕಾಯಿ ಎಲ್ಲಿಗೋ ಹಾರಿಹೋಯಿತು. ಆಶ್ಚರ್ಯವೆಂದರೆ ಅದು ಹಾರಿದ್ದಲ್ಲ. ನನ್ನ ಕೈಗೆ ಏನೂ ತಾಗದೆ ಇದ್ದದ್ದು. ಹೊಡೆದೆನೋ ಇಲ್ಲವೋ ಎಂಬಷ್ಟು ಹಗುರ, ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ನಯ. ಮದುವೆ, ಹೆರಿಗೆ, ಮೊದಲ ಪ್ರಸಾದ, ಇವುಗಳೆಲ್ಲದರ ಬಗ್ಗೆ ಹಿರಿಯರು ಮುಂಚಿತವಾಗಿ ವರ್ಣಿಸಿ ನಮ್ಮನ್ನು ಹೆದರಿಸಿಟ್ಟಿದ್ದರು. ಈ ಸುಖದ ಬಗ್ಗೆ ಮಾತ್ರ ಯಾರೂ ಒಂದು ಮಾತು ಹೇಳಿರಲಿಲ್ಲ. ಮತ್ತೊಮ್ಮೆ ಬೀಸಿದೆ. ಈ ಸಲ ಕೈ ಜುಮ್ಮೆಂದು ಭುಜದವರೆಗೆ ನೋವು ಹತ್ತಿತು. ಮೊದಲನೆಯದು ಮತ್ತೆ ಬೇಕು ಎಂಬ ಹಠ ಆಗಲೇ ನನ್ನನ್ನು ಹಿಡಿದಾಗಿತ್ತು.

"ನನಗೂ ಆಡಬೇಕು," ಎಂದೆ, ಚಹಾ ಬಗ್ಗಿಸುತ್ತ.

ಮೇಜರರು ಸ್ಯಾಂಡ್‌ವಿಚ್ ನುಂಗಿದರು. "ಮೇಡಂ, ನನಗೇನೂ ಅಬ್ಜೆಕ್ಷನ್ ಇಲ್ಲ. ಆದರೆ ಕ್ಲಬ್ಬಿಗೆ ಒಂದು ಸ್ಟ್ಯಾಂಡರ್ಡ್ ಬೇಡವಾ? ಹೊಸ ಮೆಂಬರ್ ಆಗುವವರು ಕೋರೆ ದಾಟಿಸಿ ತೋರಿಸಬೇಕು."

"ಅದು ಯಾವಾಗದಿಂದ ರೂಲು?"

"ಈಗಿನಿಂದ," ಎಂದರು ಕಾಮತರು, ಮೇಜರರ ಪರವಾಗಿ. "ಬ್ಯಾಂಕಿನಲ್ಲಿಯೂ ಹಾಗೆಯೇ ಮೇಡಂ. ಮೊದಲು ಗಿರಾಕಿ ಬರ್ತಾನೆ, ಆಮೇಲೆ ರೂಲು ಬರ್ತದೆ."

ಮೂರು ಬಾಲು ಕೊಡುವುದು, ಮುಂದಿನ ತಿಂಗಳ ಕೊನೆಯ ಆದಿತ್ಯವಾರ, ಮೂರರಲ್ಲಿ ಒಂದು ದಾಟಿದರೂ ನಾನು ಸದಸ್ಯೆ, ದಾಟದಿದ್ದರೆ ಇನ್ನು ಈ ವಿಷಯ ಎತ್ತಬಾರದು ಎಂದು ತೀರ್ಮಾನವಾಯಿತು. ಫೆಲಿಕ್ಸ್ ಮಾತಾಡಲಿಲ್ಲ. ಕೋರೆ ಎಂಬ ಶಬ್ದ ಬಂದಾಗಲೆಲ್ಲ ಅವರು ಮಾತಾಡುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಮಾತ್ರ ಮಾತಾಡಿದರು. ಆಡಲು ಬಾರದವರು ಕಲಿಸುವುದರಲ್ಲಿ ಎಷ್ಟು ಸಮರ್ಥರೆಂಬುದು ನನಗೆ ಆ ತಿಂಗಳು ತಿಳಿಯಿತು. ಅವರಲ್ಲಿ ಇಂಗ್ಲಿಷಿನ ಒಂದು ದಪ್ಪ ಗಾಲ್ಫ್ ಪುಸ್ತಕವಿತ್ತು. ಅದರ ಹೃದಯಸ್ಥಾನದಲ್ಲಿ ‘ಲ್ಯಾಗ್’ ಎಂಬ ಅಧ್ಯಾಯ. ನಾನು ಅರ್ಥಮಾಡಿಕೊಂಡಷ್ಟು ಹೇಳುತ್ತೇನೆ, ಬೇಸರವಾದರೆ ಮುಂದಿನ ಪ್ಯಾರಾಕ್ಕೆ ಹಾರಿಕೊಳ್ಳಿ. ಕೋಲನ್ನು ಹಿಂದಕ್ಕೆತ್ತಿ ಕೆಳಗಿಳಿಸುವಾಗ ಮೊದಲು ತಿರುಗಬೇಕಾದದ್ದು ಸೊಂಟ. ಅದರ ಹಿಂದೆ ಭುಜ, ಭುಜದ ಹಿಂದೆ ಕೈ. ಕೋಲಿನ ತುದಿಯ ಕಬ್ಬಿಣದ ತಲೆ ಎಲ್ಲರಿಗಿಂತ ಹಿಂದೆ ಉಳಿಯಬೇಕು. ಮಣಿಕಟ್ಟು ಮಡಚಿದ್ದು ಮಡಚಿಯೇ ಇರಬೇಕು. ಬಾಲಿನ ಸಮೀಪ ಬಂದಾಗ ಮಾತ್ರ ಆ ತಲೆ ಚಾವಟಿಯ ತುದಿಯಂತೆ ಎಲ್ಲರನ್ನೂ ಹಿಂದಿಕ್ಕಿ ಬರಬೇಕು. ಅವಸರಪಟ್ಟು ಮಣಿಕಟ್ಟನ್ನು ಮೊದಲೇ ಬಿಚ್ಚಿದರೆ ಬಲವೆಲ್ಲ ಗಾಳಿಯ ಪಾಲು. ಇಷ್ಟೇ. ಇದನ್ನು ವಿವರಿಸಲು ಆ ಪುಸ್ತಕಕ್ಕೆ ನಲವತ್ತು ಪುಟ, ನನ್ನ ಗಂಡನಿಗೆ ಇಪ್ಪತ್ತು ಸಂಜೆಯೂ ಸಾಲದಾಯಿತು.

ಈ ಲ್ಯಾಗ್ ಎಂಬುದರ ಅನುಭವ ಪುಸ್ತಕವಿಲ್ಲದೆಯೇ ನನಗೆ ಆಗಿದ್ದದ್ದು ಬಸ್ಸಿನಲ್ಲಿ. ತವರಿಗೆ, ಅಂದರೆ ಕಾರ್ಕಳಕ್ಕೆ, ಹೋಗುವಾಗ ಹಿರಿಯಡ್ಕದ ತಿರುವುಗಳಲ್ಲಿ ನಮ್ಮ ಎಕ್ಸ್‌ಪ್ರೆಸ್ ಬಸ್ಸು ಮೊದಲು ತಾನು ತಿರುಗುತ್ತದೆ. ಮೇಲಿನ ಸರಳು ಹಿಡಿದ ಕೈ ಆಮೇಲೆ. ಕೈಗೆ ಜೋತುಬಿದ್ದ ದೇಹ ಅದರ ಬಳಿಕ. ಎಲ್ಲಕ್ಕಿಂತ ಕೊನೆಯಲ್ಲಿ ಕಂಕುಳಿನ ಚೀಲ ಬಂದು ಪಕ್ಕದ ಗೃಹಸ್ಥನ ಮುಖಕ್ಕೆ ಅಪ್ಪಳಿಸುತ್ತದೆ. ಚೀಲದ ಪೆಟ್ಟು ಅಷ್ಟು ಜೋರಾಗಿರುವುದು ಅದು ಕೊನೆಗೆ ಬಂದದ್ದರಿಂದಲೇ. ಹೀಗೆಂದು ವಿವರಿಸಿದರೆ ಫೆಲಿಕ್ಸ್, "ಐರಿನ್, ಪ್ಲೀಸ್, ಬಿ ಸೀರಿಯಸ್," ಎಂದರು. ತಾವು ಮಾತ್ರ ಸೀರಿಯಸ್ಸಾಗಿ, ಕಾರ್ಕಳದ ಬಂಡೆ ಹತ್ತಿಸಿ ನನ್ನನ್ನು ಬೃಹತ್ ಗೊಮ್ಮಟನ ಮುಂದೆ ನಿಲ್ಲಿಸಿ, "ಲುಕ್ ಅಟ್ ದೋಸ್ ಶೋಲ್ಡರ್ಸ್! ಎಷ್ಟು ಸಡಿಲ! ಎಲ್ಲಿಯೂ ಟೆನ್ಷನ್ ಇಲ್ಲ! ಕೈಗೆ ಒಂದು ಕೋಲು ಕೊಟ್ಟರೆ ಮುಗಿಯಿತು!" ಎಂದು ಉದ್ಗರಿಸಿದರು. ಅಲ್ಲಿದ್ದ ಜೈನ ಅಜ್ಜಿಯೊಬ್ಬರು ಕೋಲೆಂದರೆ ಕೋಲೆಂದೇ ತಿಳಿದು ನಮ್ಮಿಂದ ನಾಲ್ಕು ಹೆಜ್ಜೆ ದೂರ ಸರಿದರು. ಸರ್ವಸಂಗ ಪರಿತ್ಯಾಗ ಮಾಡಿದ ಮಹಾಪುರುಷನ ಕೈ ಸಡಿಲವಾಗಿರುವುದರಲ್ಲಿ ಏನಾಶ್ಚರ್ಯ? ಕ್ಲಿನಿಕ್ಕಿನ ಬಾಡಿಗೆ ಕಟ್ಟಬೇಕಾದವರ ಭುಜ ನೋಡಿ ಮಾತಾಡಬೇಕು.

ಆದರೆ ಗಂಡನನ್ನು ಪೂರ್ತಿ ಗೇಲಿ ಮಾಡುವುದು ನ್ಯಾಯವಲ್ಲ. ಕ್ಲಿನಿಕ್ಕಿನಲ್ಲಿ ಅವರ ಕೈ ಬೇರೆಯೇ ಕೈಯಾಗಿತ್ತು. ಉಚ್ಚಿಲದಿಂದ, ಕಾಪುವಿನಿಂದ ಮೀನುಗಾರರ ಹೆಂಗಸರು ದವಡೆ ಊದಿಸಿಕೊಂಡು ಬಂದು, ಕಣ್ಣು ಮುಚ್ಚಿ, "ಯಾವಾಗ ಕೀಳ್ತೀರಿ ಡಾಕ್ಟ್ರೇ?" ಎಂದು ನಡುಗುವಾಗ ಹಲ್ಲು ಆಗಲೇ ಟ್ರೇಯಲ್ಲಿ ಮಲಗಿರುತ್ತಿತ್ತು. ಅವರು ಎಳೆಯುತ್ತಿರಲಿಲ್ಲ, ಹಲ್ಲು ತಾನಾಗಿ ಹೊರಡುವವರೆಗೆ ಅದರ ಜೊತೆ ಸುಮ್ಮನೆ ಅತ್ತಿತ್ತ ಓಲಾಡುತ್ತಿದ್ದರು. ಫೋರ್ಸೆಪ್ಸನ್ನು ಕೆಳಗಿಟ್ಟ ಕೂಡಲೇ ಪುಸ್ತಕದವರು ‘ಫೀಲ್’ ಎನ್ನುವ ಆ ಕೈಯ ಅರಿವೆಂಬ ದೇವರೂ ಅಲ್ಲೇ ಕೆಳಗಿಳಿಯುತ್ತಿದ್ದ ಎಂಬುದೇ ದುಃಖ.

ಇಪ್ಪತ್ತು ದಿನ ಕಳೆದರೂ ನನ್ನ ಬೀಸಿನಲ್ಲಿ ಲ್ಯಾಗೂ ಇಲ್ಲ, ಆ ಹಗುರವೂ ಇಲ್ಲ. ಅಂಗೈಯಲ್ಲಿ ಬೊಬ್ಬೆಗಳಿದ್ದವು. ಅಷ್ಟರಲ್ಲಿ ಕಾಪುವಿನಿಂದ ಅತ್ತೆಯವರ ಕರೆ ಬಂತು: ಕೊಯ್ಲು ಸುರುವಾಗಿದೆ, ಆಳುಗಳ ಊಟ ನೋಡಿಕೊಳ್ಳಲು ಸೊಸೆ ಬರಬೇಕು. ಮಾಂಯ್ ಎಂದು ನಾವು ಕರೆಯುತ್ತಿದ್ದ ಆ ಹಿರಿಯ ಹೆಂಗಸಿನ ಕರೆಗೆ ಪೋಪರೂ ಇಲ್ಲವೆನ್ನುವಂತಿರಲಿಲ್ಲ. ಫೆಲಿಕ್ಸರು ಚೀಲದಲ್ಲಿ ಪುಸ್ತಕ ಹಾಕಿ ಕೊಟ್ಟರು. ನಾನು ಅದನ್ನು ಅಲ್ಲಿ ಅಕ್ಕಿಡಬ್ಬದ ಮುಚ್ಚಳದ ಮೇಲೆ ಭಾರಕ್ಕಿಟ್ಟೆ. ಆ ಪುಸ್ತಕದಿಂದ ನನಗಾದ ನಿಶ್ಚಿತ ಪ್ರಯೋಜನ ಅದೊಂದೇ.

ಮಾಂಯ್ ಅವರ ಅಂಗಳದಲ್ಲಿ ಭತ್ತ ಬಡಿಯುವುದಕ್ಕೆ ಪಡಿಮಂಚ ಹಾಕುತ್ತಿದ್ದರು: ಬಿದಿರಿನ ಸೀಳುಗಳನ್ನು ಸಂದು ಬಿಟ್ಟು ಜೋಡಿಸಿದ ಇಳಿಜಾರು ಮಂಚ. ಹೆಂಗಸರು ಸಾಲಾಗಿ ನಿಂತು, ಕೊಯ್ದ ಪೈರನ್ನು ಹಿಡಿಹಿಡಿಯಾಗಿ ತೆಗೆದು, ಹಿಂದಕ್ಕೆತ್ತಿ ಮಂಚಕ್ಕೆ ಬಡಿಯುತ್ತಾರೆ. ಕಾಳು ಸಂದಿನಿಂದ ಕೆಳಗೆ ಬೀಳುತ್ತದೆ, ಹುಲ್ಲು ಕೈಯಲ್ಲಿ ಉಳಿಯುತ್ತದೆ. ಇದನ್ನು ನಾನು ಮದುವೆಯಾದಂದಿನಿಂದ ಪ್ರತಿವರ್ಷ ನೋಡಿದ್ದೆ, ಅಂದರೆ ನೋಡಿರಲೇ ಇಲ್ಲ. ಆ ವರ್ಷ ಗಂಜಿಯ ಪಾತ್ರೆ ಹಿಡಿದು ಹೊರಗೆ ಬಂದವಳು ನಿಂತಲ್ಲೇ ನಿಂತೆ. ಸಾಲಿನ ತುದಿಯಲ್ಲಿ ಅಪ್ಪಿ ಬಡಿಯುತ್ತಿದ್ದಳು. ಐವತ್ತು ದಾಟಿದ, ನನ್ನ ಅರ್ಧದಷ್ಟು ತೂಕದ ಹೆಂಗಸು. ಮೊದಲು ಅವಳ ಸೊಂಟ ಸರಿಯಿತು, ಆಮೇಲೆ ಭುಜ, ಆಮೇಲೆ ಕೈ, ಪೈರಿನ ಹಿಡಿ ಅವಳ ಕೈಯ ಹಿಂದೆ ಬಿಲ್ಲಿನಂತೆ ಬಾಗಿ, ತೆನೆ ಎಲ್ಲಕ್ಕಿಂತ ಹಿಂದೆ, ಇನ್ನೂ ಆಕಾಶದಲ್ಲೇ ಇದೆಯೆಂಬಾಗ ಫಟ್ಟೆಂದು ಬಂದು ಮಂಚಕ್ಕೆ ಬಿತ್ತು. ಪುಸ್ತಕದ ನಲವತ್ತು ಪುಟ ನನ್ನ ಕಣ್ಣೆದುರು ತಲೆಗೆ ಬೈರಾಸು ಸುತ್ತಿಕೊಂಡು ನಿಂತಿತ್ತು.

"ಎಂತ ಬಾಯಮ್ಮಾ, ನಮ್ಮ ಎಲುಬು ಎಣಿಸುವುದಾ?" ಎಂದಳು ಅಪ್ಪಿ. ನಮ್ಮ ಮನೆಗಳ ಹೆಂಗಸರನ್ನು ತುಳುವರು ಕರೆಯುವುದು ಹಾಗೆಯೇ, ಬಾಯಮ್ಮ ಎಂದು.

"ನಿನ್ನ ಕೈ ನೋಡ್ತಿದ್ದೇನೆ."

"ಕೈಯಲ್ಲಿ ಎಂತ ಉಂಟು? ಕೈ ಎಂತದೂ ಮಾಡುವುದಿಲ್ಲ. ಸುಮ್ಮನೆ ಹಿಡ್ಕೊಂಡು ಇರುವುದಷ್ಟೆ."

ಗಂಜಿಯ ಪಾತ್ರೆ ಕೆಳಗಿಟ್ಟು ನಾನೂ ಒಂದು ಹಿಡಿ ಪೈರು ತೆಗೆದುಕೊಂಡು ಬಡಿದೆ. ಒಂದು ಕಾಳು ಬಿತ್ತೋ ಎರಡು ಬಿದ್ದವೋ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅಪ್ಪಿ ಒತ್ತಿಕೊಳ್ಳಲಿಲ್ಲ.

"ಬಾಯಮ್ಮ, ನೀವು ಸಿಟ್ಟಲ್ಲಿ ಬಡಿತೀರಿ. ಅದೆಂತ ನಿಮ್ಮ ಗಂಡನಾ? ತೆನೆ ಹಿಂದಿನಿಂದ ಬರ್ತದೆ, ಅದಕ್ಕೆ ದಾರಿ ಬಿಡಿ. ನೀವೇ ಮೊದಲು ಹೋಗಿ ಮಂಚದಲ್ಲಿ ಕೂತ್ರೆ ಅದು ಎಲ್ಲಿಗೆ ಬರುವುದು?"

"ಸರಿ ಬಿತ್ತು ಅಂತ ನಿನಗೆ ಹೇಗೆ ಗೊತ್ತಾಗ್ತದೆ? ನೀನು ನೋಡುವುದೇ ಇಲ್ಲ."

"ನೋಡ್ತಾ ಕೂತ್ರೆ ಆದಿತ್ಯವಾರ ಆಗ್ತದೆ. ಸರಿ ಬಿದ್ರೆ ಕೈಗೆ ಎಂತದೂ ಇಲ್ಲದ ಹಾಗೆ ಆಗ್ತದೆ. ಕೈಗೆ ತಾಗಿತು ಅಂದ್ರೆ ಭತ್ತ ಇನ್ನೂ ಹುಲ್ಲಲ್ಲೇ ಉಂಟು ಅಂತ."

ಎಂತದೂ ಇಲ್ಲದ ಹಾಗೆ! ನಾನು ಒಣಕಾಯಿಯಲ್ಲಿ ಕಂಡದ್ದನ್ನು, ಹೆಸರಿಟ್ಟು ಯಾರಿಗೂ ಹೇಳಲಾರದೆ ಇದ್ದದ್ದನ್ನು, ಆ ಹೆಂಗಸು ಬೆವರು ಒರಸುತ್ತ ಹೇಳಿ ಮುಗಿಸಿದಳು. ಆ ಕ್ಷಣದಲ್ಲಿ ಮಾಂಯ್ ಬಾಗಿಲಿಗೆ ಬಂದರು.

"ಐರಿನ್! ಎಂತದು ಇದು? ಬಿ.ಎ. ಪಾಸಾದ ಸೊಸೆ ಭತ್ತ ಬಡಿಯುವುದಾ? ಇಗರ್ಜಿಯಲ್ಲಿ ನಾನು ಯಾವ ಬೆಂಚಲ್ಲಿ ಕೂರುವುದು ಇನ್ನು?"

"ಎಕ್ಸರ್ಸೈಜು ಮಾಂಯ್. ಡಾಕ್ಟರು ಹೇಳಿದ್ದಾರೆ."

"ಯಾವ ಡಾಕ್ಟರು? ನನ್ನ ಮಗನಾ? ಅವನು ಹಲ್ಲು ನೋಡಲಿ, ಸಾಕು."

ಆದರೂ ಹತ್ತು ದಿನ ನಾನು ಬಡಿದೆ. ಸಿಸ್ಟರ್ ಆಗ್ನೆಸ್ ಪಿಯಾನೋ ಕಲಿಸುವಾಗ ಮಣಿಕಟ್ಟು ಬಗ್ಗಬಾರದೆಂದು ಅದರ ಮೇಲೆ ನಾಣ್ಯ ಇಡುತ್ತಿದ್ದರು. ನಾಣ್ಯ ಬಿದ್ದರೆ ಸ್ಕೇಲು. ಬಾಲ್ಯದಲ್ಲಿ ಹಾಗೆ ಬಿಗಿದಿಟ್ಟ ಕೀಲನ್ನು ಸಡಿಲಿಸುವುದಕ್ಕೆ ಅಪ್ಪಿಗೆ ನಾಲ್ಕು ದಿನ ಸಾಕಾಯಿತು. ಹತ್ತನೆಯ ದಿನ ನಾನು ಬಡಿದು ಹಾಕಿದ ಹುಲ್ಲಿನ ಕಂತೆಯನ್ನು ಮಾಂಯ್ ಯಾರಿಗೂ ಕಾಣದಂತೆ ಎತ್ತಿ, ಬಿಡಿಸಿ, ಎಲ್ಲಾದರೂ ಕಾಳು ಉಳಿದಿದೆಯೇ ಎಂದು ಬೆರಳಾಡಿಸಿದರು. ಇರಲಿಲ್ಲ. "ಹೂಂ," ಎಂದರು. ಮದುವೆಯಾಗಿ ಹದಿಮೂರು ವರ್ಷಗಳಲ್ಲಿ ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು.

ಮರಳುವಾಗ ಉಡುಪಿಯಲ್ಲಿ ಇಳಿದು ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಕೊಂಡೆ. "ಮಗನ ಶಾಲೆಗಾ ಅಮ್ಮಾ?" ಎಂದು ಅಂಗಡಿಯವರು ಕೇಳಿದರು. ಕಾಲು ಚಾಚಿ ಹಾಕಿ ನೋಡಿದಾಗ ಅವರು ದಾಕ್ಷಿಣ್ಯದಿಂದ ಬೇರೆ ಕಡೆ ನೋಡಿದರು.

ಆ ಆದಿತ್ಯವಾರ ಸಂಜೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ನಾಲ್ಕನೆಯ ಕುಳಿಗೆ ಹೊಡೆಯುವ ಜಾಗದಲ್ಲಿ ನಿಂತೆ. ಬಾಲುಗಳಿಗೆ ಗುರುತಿಗಾಗಿ ಕೆಂಪು ನೇಲ್‌ಪಾಲಿಶಿನ ಚುಕ್ಕೆ ಇಟ್ಟಿದ್ದೆ. ಎದುರಿಗೆ ಕೋರೆ, ಕೋರೆಯಾಚೆ ಎದೆಯೆತ್ತರದ ಮುಳಿಹುಲ್ಲು, ಅದರಾಚೆ ನೇರ ಕಣ್ಣಿಗೆ ಹೊಡೆಯುವ ಸೂರ್ಯ. ಮೇಜರರು ಗಡಿಯಾರ ನೋಡಿಕೊಂಡರು. ಕಾಮತರು ಫ್ಲಾಸ್ಕಿನ ಕಡೆ ನೋಡಿದರು. ಫೆಲಿಕ್ಸ್ ನನ್ನನ್ನು ನೋಡಲಿಲ್ಲ.

ಮೊದಲನೆಯ ಬಾಲಿಗೆ ನಾನು ಅಪ್ಪಿಯನ್ನು ಧ್ಯಾನಿಸಿ ಬೀಸಿದೆ. ಸೊಂಟ ಸರಿಯಿತು, ಕೈ ಸಡಿಲವಾಯಿತು, ಕೋಲಿನ ತಲೆ ಹಿಂದುಳಿದು ಚಂದವಾಗಿ ಬಂತು, ಬಂದು ನೆಲದಲ್ಲಿ ಹೂತು ನಿಂತಿತು. ಪಡಿಮಂಚಕ್ಕೆ ಬಡಿಯುವವರು ಬಡಿದಲ್ಲಿ ನಿಲ್ಲುತ್ತಾರೆ, ನಾನೂ ನಿಂತೆ. ಜೊತೆಗೆ ಸಾಲಿನಲ್ಲಿ ಬಡಿದು ಅಭ್ಯಾಸವಾಗಿದ್ದರಿಂದ ಬಾಯಿಂದ "ಹ್ಹಾ!" ಎಂಬ ಸದ್ದೂ ಹೊರಟಿತು. ಬಾಲು ಗಾಬರಿಯಿಂದ ಮೇಲಕ್ಕೆ ಹಾರಿ, ಡುಬುಕ್ ಎಂದಿತು.

"ಬೇಸಾಯ ಸುರು ಮಾಡಿದ್ರಾ ಮೇಡಂ?" ಎಂದರು ಮೇಜರರು, ಕೆಮ್ಮುತ್ತ.

ಎರಡನೆಯದಕ್ಕೆ ಹೆದರಿ ಪುಸ್ತಕಕ್ಕೆ ಶರಣಾದೆ. ಎಡಗೈ ನೇರ, ತಲೆ ಸ್ಥಿರ, ಮೊಣಕಾಲು ಬಾಗಿ, ಹೆಬ್ಬೆರಳು ಎಲ್ಲಿಗೆ, ಉಸಿರು ಯಾವಾಗ. ಇಷ್ಟೂ ನಿಯಮಗಳ ಪೈಕಿ ಯಾವುದನ್ನು ಪಾಲಿಸಿದೆನೋ ಗೊತ್ತಿಲ್ಲ. ಬಾಲು ಇಗರ್ಜಿಯಿಂದ ಮನೆಗೆ ಹೊರಟ ಮುದುಕಿಯಂತೆ ನಿಧಾನವಾಗಿ ಉರುಳುತ್ತ ಅಂಚಿನವರೆಗೆ ಹೋಗಿ, ಒಂದು ಕ್ಷಣ ಆಲೋಚಿಸಿ, ಇಳಿದುಹೋಯಿತು.

ಉಳಿದದ್ದು ಒಂದು. ನನ್ನ ಆದಿತ್ಯವಾರಗಳೆಲ್ಲ ಆ ಚುಕ್ಕೆಯ ಬಾಲಿನ ಮೇಲೆ ಕುಳಿತಿದ್ದವು: ಇದು ಮುಳುಗಿದರೆ ಫ್ಲಾಸ್ಕು, ಸಾಯುವವರೆಗೆ. ಕೋಲು ನೆಲದಲ್ಲಿಟ್ಟು ಎರಡೂ ಕೈ ಒದರಿದೆ. ಇಲ್ಲಿ ಮಂಚವಿಲ್ಲ ಮಾರಾಯ್ತಿ, ಎಂದು ನನಗೆ ನಾನೇ ಹೇಳಿಕೊಂಡೆ. ತಡೆಯುವುದಕ್ಕೆ ಏನೂ ಇಲ್ಲ, ಹೋಗುವಷ್ಟು ದೂರ ಹೋಗಲಿ. ಆಗಲೇ ಪದವಿನ ಬದಿಯ ರಸ್ತೆಯಲ್ಲಿ ಕೆಂಪುಕಲ್ಲು ತುಂಬಿದ ಲಾರಿಯೊಂದು ನರಳುತ್ತ, ಹಾರ್ನು ಬಾರಿ‌ಸುತ್ತ ಏರು ಹತ್ತತೊಡಗಿತು. ಅದು ಹೋಗಲೆಂದು ಕಾಯಬೇಕಿತ್ತು. ಕಾಯಲಿಲ್ಲ. ಬೀಸಿದೆ.

ಏನೂ ತಾಗಲಿಲ್ಲ.

ತಲೆ ಎತ್ತಿದಾಗ ಬಿಸಿಲು ಬಿಟ್ಟು ಬೇರೇನೂ ಕಾಣಲಿಲ್ಲ. ಮೂವರೂ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಲಾರಿ ತಿರುವು ದಾಟಿ ಹೋಯಿತು. ಕೋರೆಯ ಹಾವಸೆ ಕದಡಿದ್ದು ಮೊದಲಿನ ಎರಡು ಬಾಲಿನದೋ ಈಗಿನದೋ ಹೇಳುವಂತಿರಲಿಲ್ಲ.

"ಎಲ್ಲಿ ಹೋಯಿತು?" ಎಂದರು ಮೇಜರರು.

"ಡುಬುಕ್ ಕೇಳಲಿಲ್ಲ," ಎಂದರು ಕಾಮತರು.

"ಆ ಲಾರಿಯ ಗದ್ದಲಕ್ಕೆ ಆನೆ ಬಿದ್ದರೂ ಕೇಳ್ತಿರಲಿಲ್ಲ ಮಾರಾಯ್ರೆ."

ಎಲ್ಲರೂ ಕೋರೆ ಸುತ್ತಿ ಆಚೆ ಹೋಗಿ ಮುಳಿಹುಲ್ಲಿನಲ್ಲಿ ಹುಡುಕಿದೆವು. ತುಕ್ಕು ಹಿಡಿದ ಕತ್ತಿ ಸಿಕ್ಕಿತು, ಒಂಟಿ ಚಪ್ಪಲಿ ಸಿಕ್ಕಿತು, ಮೇಯಲು ಬಂದು ಮಲಗಿದ್ದ ದನವೊಂದು ಎದ್ದು ನಮ್ಮನ್ನು ಬೈಯುವಂತೆ ನೋಡಿತು. ಬಾಲು ಸಿಗಲಿಲ್ಲ. ಕೆಂಪು ಮಣ್ಣಿನ ಪದವಿನಲ್ಲಿ ಕೆಂಪು ಚುಕ್ಕೆಯ ಗುರುತು ಇಟ್ಟ ನನ್ನ ಬುದ್ಧಿವಂತಿಕೆಯನ್ನು ಏನೆನ್ನಲಿ. ಐದು ನಿಮಿಷವಾದ ಮೇಲೆ ಮೇಜರರು ಗಡಿಯಾರದಿಂದ ಕಣ್ಣೆತ್ತಿದರು. "ಸಾರಿ ಮೇಡಂ. ಲಾಸ್ಟ್ ಬಾಲ್. ಐದು ನಿಮಿಷದಲ್ಲಿ ಸಿಗದಿದ್ದರೆ ಕಳೆದುಹೋದ ಲೆಕ್ಕ."

"ಅದು ದಾಟಿದೆ," ಎಂದೆ.

"ನೋಡಿದ್ರಾ?"

"ಇಲ್ಲ."

"ಮತ್ತೆ ಹೇಗೆ ಗೊತ್ತು?"

"ನನ್ನ ಕೈಗೆ ಏನೂ ತಾಗಲಿಲ್ಲ. ಅದಕ್ಕೇ."

ಮೇಜರರು ಸಭ್ಯರು; ಮೀಸೆಯೊಳಗೇ ನಕ್ಕರು. "ಡಾಕ್ಟ್ರೇ, ನಿಮ್ಮ ಮಿಸೆಸ್ಸಿಗೆ ಏನೂ ತಾಗಲಿಲ್ಲವಂತೆ, ಆದ್ದರಿಂದ ಬಾಲು ದಾಟಿದೆಯಂತೆ. ನೀವು ನೋಡಿದ್ರಾ? ಜಂಟಲ್‌ಮನ್ ಆಗಿ ಹೇಳಿ. ನೀವು ಹೇಳಿದರೆ ನಂಬ್ತೇನೆ."

ಒಂದು ಸುಳ್ಳು ಸಾಕಿತ್ತು. ಆದಿತ್ಯವಾರ ಹೇಳಿದ ಸುಳ್ಳನ್ನು ಶನಿವಾರ ಪಾದ್ರಿಗೆ ಒಪ್ಪಿಸಿದರೆ ಮುಗಿಯಿತು. ಫೆಲಿಕ್ಸ್ ನನ್ನನ್ನು ನೋಡಿದರು, ನನ್ನ ಕೈ ನೋಡಿದರು, ಅದು ಇನ್ನೂ ಎದೆಯ ಮುಂದೆ ಏನನ್ನೋ ಕಳೆದುಕೊಂಡಂತೆ ತೆರೆದೇ ಇತ್ತು. "ನೋಡಲಿಲ್ಲ," ಎಂದರು.

ಆ ಗಳಿಗೆಯಲ್ಲಿ ನಾನು ಅವರನ್ನು ಕೋರೆಗೆ ತಳ್ಳದೆ ಬಿಟ್ಟದ್ದು ಕಾನ್ವೆಂಟಿನ ಸಂಸ್ಕಾರದಿಂದ.

"ನೋಡಲಿಲ್ಲ," ಎಂದು ಅವರು ಮತ್ತೆ ಹೇಳಿದರು, "ಆದರೆ ಅವಳು ಹೇಳುವುದು ಸರಿ. ಬೇರು ಸಮೇತ ಸರಿಯಾಗಿ ಬಂದ ಹಲ್ಲು ನನ್ನ ಕೈಗೆ ಗೊತ್ತಾಗುವುದಿಲ್ಲ ಮೇಜರೇ. ತುಂಡಾದದ್ದು ಮಾತ್ರ ಗೊತ್ತಾಗ್ತದೆ. ಅವಳ ಬಾಲು ಇಲ್ಲೇ ಎಲ್ಲೋ ಈ ಹುಲ್ಲಿನಲ್ಲಿ ಉಂಟು. ಹುಡುಕಿದ್ದು ಸಾಲದು." ಕಾಲಿನಿಂದ ಹುಲ್ಲು ಸರಿಸಿ ನೋಡಿದರು. "ಮತ್ತೆ, ರೂಲು ರೂಲೇ ಅಂತಾದರೆ ನಾನು ಮೂರು ವರ್ಷದಲ್ಲಿ ಒಂದು ಸಲವೂ ದಾಟಿಸಿಲ್ಲ. ನಾನೂ ಮೆಂಬರ್ ಅಲ್ಲ."

ತಮ್ಮ ಬಾಯಿಂದ ಅವರು ಈ ಮಾತು ಹೇಳಿದ್ದು ಅದೇ ಮೊದಲು. ಅವರ ಕಿವಿ ಕೆಂಪಾಗಿತ್ತು.

ಕಾಮತರು ದನದ ಕಡೆ ನೋಡುತ್ತ, "ಹಾಗೆ ನೋಡಿದರೆ ನನ್ನದೂ ಎಲ್ಲ ನೀರಲ್ಲೇ ಉಂಟು," ಎಂದು ಗೊಣಗಿದರು.

ಮೇಜರರು ಒಬ್ಬರೇ ಸದಸ್ಯರಾಗಿ ಉಳಿದರು. ತನ್ನ ಇಡೀ ರೆಜಿಮೆಂಟು ಒಂದೇ ಸಂಜೆಯಲ್ಲಿ ಶಸ್ತ್ರ ಕೆಳಗಿಟ್ಟದ್ದನ್ನು ಕಂಡ ಸೇನಾಧಿಕಾರಿಯ ಗಾಂಭೀರ್ಯದಿಂದ ಅವರು ಕೋರೆಯನ್ನೂ, ಪದವನ್ನೂ, ಕೊನೆಗೆ ಫ್ಲಾಸ್ಕನ್ನೂ ನೋಡಿದರು. ಅವರ ಬಾಯಿಂದ ಹೊರಟ ಪ್ರಶ್ನೆ ಆಟದ ಬಗ್ಗೆ ಆಗಿರಲಿಲ್ಲ.

"ಹಾಗಾದರೆ ಚಹಾ ಯಾರು ತರುವುದು?"

"ಸರದಿಯಲ್ಲಿ," ಎಂದೆ. "ಮುಂದಿನ ಆದಿತ್ಯವಾರ ನಿಮ್ಮದು."

ತಂದರು. ಮಿಲಿಟರಿಯ ಚಹಾ, ಟಿನ್ನಿನ ಹಾಲು, ಚಮಚೆ ನೆಟ್ಟರೆ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ. ತಾವೇ ಬಗ್ಗಿಸಿ ಮೊದಲು ನನಗೆ ಕೊಟ್ಟರು. ಅದನ್ನು ಕುಡಿದು, ನಾಲ್ಕನೆಯ ಕುಳಿಗೆ ಹೊಡೆಯುವ ಜಾಗದಲ್ಲಿ ನಿಂತು, ಬಹಳ ಆತ್ಮವಿಶ್ವಾಸದಿಂದ ಬೀಸಿದೆ. ಕೈ ಜುಮ್ಮೆಂದಿತು. ಡುಬುಕ್.

ನನ್ನ ಕಿವಿ ನಿಮಿರಿತು, ಯಾರು ಏನು ಹೇಳುತ್ತಾರೋ ಎಂದು. ಹಿಂದಿನ ವಾರವಾಗಿದ್ದರೆ ಆ ಸದ್ದು ಒಂದು ತೀರ್ಪು. ನನ್ನೊಬ್ಬಳದ್ದಷ್ಟೇ ಅಲ್ಲದೆ, ಉಡುಪಿಯಿಂದ ಕಾರ್ಕಳದವರೆಗಿನ ಸಮಸ್ತ ಸ್ತ್ರೀಕುಲದ ಮೇಲಿನ ತೀರ್ಪು. ಈಗ ಮೇಜರರು ಬಿಸ್ಕೆಟು ಅದ್ದುತ್ತಿದ್ದರು. ಕಾಮತರು ತಮ್ಮ ಕೋಲು ಒರಸುತ್ತಿದ್ದರು. ಫೆಲಿಕ್ಸ್ ಮಾತ್ರ ಹತ್ತಿರ ಬಂದು, "ಐರಿನ್, ನಿನ್ನ ಮಣಿಕಟ್ಟು ಸ್ವಲ್ಪ ಬೇಗ ಬಿಚ್ಚಿತು, ಈ ಲ್ಯಾಗ್ ಎಂದರೆ..." ಎಂದು ಸುರುಮಾಡಿದರು. ಮುಂದೆ ಎಂಟು ವರ್ಷ, ಫೆಲಿಕ್ಸರ ಬೆನ್ನು ಒಪ್ಪಿದಷ್ಟು ಕಾಲ, ಆ ಪದವಿನಲ್ಲಿ ನಾನು ಆಡಿದೆ. ಏನೂ ತಾಗದ ಆ ಹೊಡೆತ ನನಗೆ ಮತ್ತೆ ಒಲಿದದ್ದು ಬೆರಳೆಣಿಕೆಯಷ್ಟು ಸಲ, ನೀರಿಗೆ ಬಿದ್ದದ್ದಕ್ಕೆ ಲೆಕ್ಕವಿಲ್ಲ. ದಾಟಿಸಬಲ್ಲೆವೆಂದು ತೋರಿಸಿದವರಿಗೆ ಮಾತ್ರ ಬೀಳಿಸುವ ಸ್ವಾತಂತ್ರ್ಯ ಎಂಬ ರೂಲು ಗಂಡಸರಿಗೆ ಎಂದೂ ಇರಲಿಲ್ಲ. ಅವರು ಹುಟ್ಟುವಾಗಲೇ ಬೀಳಿಸುವ ಹಕ್ಕು ಪಡೆದು ಬಂದಿದ್ದರು. ನನಗದು ಆ ಸಂಜೆ ಬಂತು.

"ಗೊತ್ತುಂಟು," ಎಂದೆ ಫೆಲಿಕ್ಸರಿಗೆ. ಅವರ ಚೀಲಕ್ಕೆ ಕೈ ಹಾಕಿ, ಕೇಳದೆಯೇ ಇನ್ನೊಂದು ಬಾಲು ತೆಗೆದುಕೊಂಡು, ಕೋರೆಯ ಬದಿಯಿಂದ ಎಲ್ಲರ ಹಾಗೆ ನಡೆದು ಆಚೆ ಹೋದೆ.